‘ಎವ್ರಿಒನ್’ ಬಂದರೆ ಮುಂದೆ ‘ಹಿಸ್’ ಹಾಕಬೇಕಾ, ‘ದೇರ್’ ಹಾಕಬೇಕಾ?

ಬ್ಯಾಂಕ್ ಕನಸು

ಎಲ್ಲರಿಗೂ ನಮಸ್ಕಾರ. ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದೇನೆ. ಇಂಗ್ಲಿಷ್ ಪೇಪರ್‌ನಲ್ಲಿ ವಾಕ್ಯವನ್ನು ತುಂಡು ಮಾಡಿ ಕೊಟ್ಟು ತಪ್ಪು ಎಲ್ಲಿದೆ ಅಂತ ಕೇಳುತ್ತಾರಲ್ಲ, ಅದರಲ್ಲಿ ಸರ್ವನಾಮ ಬಂದರೆ ತಲೆ ಕೆಡುತ್ತದೆ. ಮಾಕ್ ಟೆಸ್ಟ್‌ನಲ್ಲಿ ಈ ವಾಕ್ಯ ಇತ್ತು:

“ಎವ್ರಿ ಒನ್ ಆಫ್ ದ ಕ್ಯಾಂಡಿಡೇಟ್ಸ್ / ಹ್ಯಾಸ್ ಟು ಬ್ರಿಂಗ್ / ದೇರ್ ಓನ್ ಪೆನ್.”

ಕೀ ಪ್ರಕಾರ ಮೂರನೇ ತುಂಡು ತಪ್ಪು. ‘ಹಿಸ್ ಓನ್ ಪೆನ್’ ಆಗಬೇಕಂತೆ. ಮನೆಯಲ್ಲಿ ಅಕ್ಕನಿಗೆ ತೋರಿಸಿದೆ. ಅವಳ ಆಫೀಸಿನಲ್ಲಿ ‘ಹಿಸ್’ ಅಂತ ಬರೆದರೆ ಅದನ್ನೇ ತಿದ್ದಿ ‘ದೇರ್’ ಮಾಡುತ್ತಾರಂತೆ. ಯಾವುದು ಸರಿ? ನಮ್ಮ ಬ್ಯಾಚ್‌ನಲ್ಲಿ ಹುಡುಗಿಯರೇ ಜಾಸ್ತಿ. ಅವರಿಗೆ ‘ಹಿಸ್’ ಹೇಗೆ ಆಗುತ್ತದೆ ಸರ್ ಅಂತ ಕ್ಲಾಸಿನಲ್ಲಿ ಕೇಳಿದೆ. ರೂಲ್ ಅಂದರೆ ರೂಲ್ ಅಂದರು.

ಮಂಡ್ಯ ಗುರು

ಕೀ ಏನು ಹೇಳುತ್ತದೋ ಅದೇ ಸರಿ ಗುರು. ಮಾರ್ಕ್ಸ್ ತಗೊಂಡು ಮುಂದೆ ಹೋಗು. ಕೆಲಸ ಸಿಕ್ಕಿದ ಮೇಲೆ ನಿಮ್ಮಕ್ಕನ ಥರ ಬರೆಯುವೆಯಂತೆ.

ಹಾಸನದ ಮೇಷ್ಟ್ರು

ಹಿಸ್, ದೇರ್ ಜಗಳಕ್ಕೆ ಆಮೇಲೆ ಬರೋಣ. ಅದಕ್ಕಿಂತ ಮೊದಲು ಒಂದು ಕೆಲಸ ಇದೆ. ಸರ್ವನಾಮ ಯಾವ ಹೆಸರಿನ ಬದಲು ನಿಂತಿದೆ ಅಂತ ಹುಡುಕಬೇಕು. ಹೆಚ್ಚಿನ ಹುಡುಗರು ಎಡವುವುದು ಅಲ್ಲೇ, ರೂಲ್ ಗೊತ್ತಿಲ್ಲದೆ ಅಲ್ಲ.

“ಈಚ್ ಆಫ್ ದ ಗರ್ಲ್ಸ್ ಹ್ಯಾಸ್ ಫಿನಿಶ್ಡ್ ಹರ್ ವರ್ಕ್.” ಇಲ್ಲಿ ‘ಗರ್ಲ್ಸ್’ ಕಣ್ಣಿಗೆ ಹತ್ತಿರ ಇದೆ, ಬಹುವಚನ. ಅದನ್ನು ನೋಡಿ ಕೈ ತಾನಾಗಿ ‘ದೇರ್’ ಕಡೆ ಹೋಗುತ್ತದೆ. ನಾನು ಮಕ್ಕಳಿಗೆ ಹೇಳುವುದು ಇಷ್ಟೇ: ‘ಆಫ್’ನಿಂದ ಶುರುವಾಗುವ ತುಂಡನ್ನು ಬೆರಳಿನಿಂದ ಮುಚ್ಚಿ. ಆಗ ಉಳಿಯುವುದು ‘ಈಚ್’. ಈಚ್, ಎವ್ರಿಒನ್, ಎನಿಬಡಿ, ಈದರ್, ನೀದರ್ ಇವೆಲ್ಲ ಏಕವಚನ. ಬೋತ್, ಫ್ಯೂ, ಮೆನಿ, ಸೆವೆರಲ್ ಬಹುವಚನ. ಇಲ್ಲಿವರೆಗೆ ಗಲಾಟೆ ಇಲ್ಲ.

ಸಮ್, ಆಲ್, ಮೋಸ್ಟ್ ಬಂದಾಗ ಮಾತ್ರ ಬೆರಳು ತೆಗೆದು ನೋಡಬೇಕು. “ಸಮ್ ಆಫ್ ದ ಪೇಂಟ್ ಹ್ಯಾಸ್ ಲಾಸ್ಟ್ ಇಟ್ಸ್ ಶೈನ್”, ಆದರೆ “ಸಮ್ ಆಫ್ ದ ಬಾಯ್ಸ್ ಹ್ಯಾವ್ ಲಾಸ್ಟ್ ದೇರ್ ಬ್ಯಾಗ್ಸ್”. ಬಣ್ಣವನ್ನು ಎಣಿಸಲು ಆಗುವುದಿಲ್ಲ, ಹುಡುಗರನ್ನು ಎಣಿಸಬಹುದು. ಅಷ್ಟೇ ವ್ಯತ್ಯಾಸ.

ಇನ್ನು ನಿಮ್ಮ ಪೆನ್ನಿನ ವಾಕ್ಯ. ಹಳೆಯ ಶಾಲಾ ವ್ಯಾಕರಣದ ಪ್ರಕಾರ ಕೀ ಸರಿ. ಗಂಡೋ ಹೆಣ್ಣೋ ಗೊತ್ತಿಲ್ಲದಾಗ ‘ಹಿಸ್’ ಹಾಕಿ ಅಂತಲೇ ನಮಗೂ ಕಲಿಸಿದ್ದು.

ತಿದ್ದುಪಡಿ ಅಕ್ಕ

ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೈಪಿಡಿಗಳನ್ನು ತಿದ್ದುವ ಕೆಲಸ ನನ್ನದು. ಇಂಥ ವಾಕ್ಯಗಳು ದಿನಾ ಬರುತ್ತವೆ. ನಿಮ್ಮಕ್ಕನ ಆಫೀಸಿನವರು ಮಾಡುವುದನ್ನೇ ನಾನೂ ಮಾಡುತ್ತೇನೆ.

‘ದೇರ್’ ಈಗಿನವರು ತಂದ ಫ್ಯಾಷನ್ ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ. ಒಬ್ಬರನ್ನು ಕುರಿತು ‘ದೇ’ ಅನ್ನುವುದು ಇಂಗ್ಲಿಷ್ ಬರಹದಲ್ಲಿ 14ನೇ ಶತಮಾನದಿಂದಲೇ ಸಿಗುತ್ತದೆ. ಶೇಕ್ಸ್‌ಪಿಯರ್ ಬಳಸಿದ್ದಾನೆ, ಜೇನ್ ಆಸ್ಟಿನ್ ಧಾರಾಳವಾಗಿ ಬಳಸಿದ್ದಾಳೆ. ಇದು ತಪ್ಪು, ‘ಹಿ’ ಮಾತ್ರ ಸರಿ ಅನ್ನುವುದು ಗಟ್ಟಿಯಾಗಿದ್ದು 18ನೇ ಶತಮಾನದಿಂದ ಈಚೆಗೆ, ಶಾಲಾ ವ್ಯಾಕರಣ ಪುಸ್ತಕಗಳ ಮೂಲಕ. ಹಾಗೆ ಬರೆದ ಮೊದಲಿಗರಲ್ಲಿ ನ್ಯೂಕಾಸಲ್‌ನಲ್ಲಿ ಶಾಲೆ ನಡೆಸುತ್ತಿದ್ದ ಆ್ಯನ್ ಫಿಶರ್ ಒಬ್ಬಳು. ಹೌದು, ಹೆಂಗಸೇ!

ಈಗ ಗಾಳಿ ತಿರುಗಿದೆ. ಸಂಶೋಧನಾ ಲೇಖನ ಬರೆಯುವವರು ಪಾಲಿಸುವ ಎಪಿಎ ಶೈಲಿ ಕೈಪಿಡಿಯ 7ನೇ ಆವೃತ್ತಿ 2019ರಲ್ಲಿ ಬಂತು. ಅದು ಏಕವಚನದ ‘ದೇ’ಯನ್ನು ಒಪ್ಪುವುದಷ್ಟೇ ಅಲ್ಲ, ಬಳಸಿ ಅನ್ನುತ್ತದೆ. ಅದೇ ವರ್ಷ ಮೆರಿಯಮ್ ವೆಬ್‌ಸ್ಟರ್ ನಿಘಂಟಿನವರು ವರ್ಷದ ಪದವಾಗಿ ಆರಿಸಿದ್ದೂ ‘ದೇ’ಯನ್ನೇ.

ಇನ್ನೊಂದು ನೋಡಿ. “ಎವ್ರಿಒನ್ ಸ್ಟುಡ್ ಅಪ್ ವೆನ್ ದೇ ಸಾ ದ ಜಡ್ಜ್.” ಇದನ್ನು ರೂಲ್ ಪ್ರಕಾರ “ವೆನ್ ಹಿ ಸಾ ದ ಜಡ್ಜ್” ಅಂತ ಮಾಡಿ ಓದಿ. ಯಾರೋ ಒಬ್ಬ ಬೇರೆಯವನು ಜಡ್ಜನ್ನು ನೋಡಿದ, ಆಗ ಎಲ್ಲರೂ ಎದ್ದರು ಅನ್ನಿಸುತ್ತದೆ. ಅರ್ಥವೇ ಕೆಟ್ಟಿತು. ‘ಎವ್ರಿಒನ್’ ಕ್ರಿಯಾಪದಕ್ಕೆ ಏಕವಚನ, ಮನಸ್ಸಿಗೆ ಗುಂಪು. ಎರಡೂ ನಿಜ.

ನಮ್ಮ ಕಿವಿಗೆ ಇದು ಹೊಸದೇನೂ ಅಲ್ಲ. “ಯಾರೋ ಒಬ್ಬರು ಕೊಡೆ ಬಿಟ್ಟು ಹೋಗಿದ್ದಾರೆ, ಬಂದರೆ ಅವರಿಗೆ ಕೊಡಿ” ಅನ್ನುತ್ತೇವೆ. ಎಣಿಕೆಯಲ್ಲಿ ಒಂದೇ ತಲೆ, ಆದರೂ ‘ಒಬ್ಬರು’, ‘ಅವರು’. “ಸಮ್‌ಒನ್ ಹ್ಯಾಸ್ ಲೆಫ್ಟ್ ದೇರ್ ಅಂಬ್ರೆಲಾ” ಅಂದರೂ ಅದೇ ತಾನೇ? “ಪ್ರತಿಯೊಬ್ಬರೂ ತಮ್ಮ ಪೆನ್ನು ತರಬೇಕು” ಅಂದರೆ ವ್ಯಾಕರಣ ಕೆಟ್ಟಿತು ಅಂತ ಯಾರೂ ಅನ್ನುವುದಿಲ್ಲ. “ಪ್ರತಿಯೊಬ್ಬನೂ ತನ್ನ ಪೆನ್ನು ತರಬೇಕು” ಅಂದು ನೋಡಿ, ನಿಮ್ಮ ಬ್ಯಾಚಿನ ಹುಡುಗಿಯರು ಏನು ಹೇಳುತ್ತಾರೆ ಅಂತ.

ಬ್ಯಾಂಕ್ ಕನಸು

ಅಕ್ಕಾ, ಒಂದು ತಮಾಷೆ. ‘ಹಿಸ್’ ಅಂತ ಕೀ ಕೊಟ್ಟ ಅದೇ ಕೋಚಿಂಗ್‌ನ ನೋಟಿಸ್ ಬೋರ್ಡಿನಲ್ಲಿ “ಈಚ್ ಸ್ಟೂಡೆಂಟ್ ಮಸ್ಟ್ ಪೇ ದೇರ್ ಫೀಸ್ ಬಿಫೋರ್ ಸ್ಯಾಟರ್‌ಡೇ” ಅಂತ ಇದೆ.

ಮಂಡ್ಯ ಗುರು

ಫೀಸ್ ವಿಷಯದಲ್ಲಿ ಎಲ್ಲರೂ ಸಮಾನರು. 😄

ಆದರೂ ಅಕ್ಕಾ, ಒಂದು ಕೇಳುತ್ತೇನೆ. ಒಬ್ಬರಿಗೆ ‘ದೇ’ ಹಾಕಿದರೆ ಮುಂದೆ ‘ಆರ್’ ಬರುತ್ತದಲ್ವಾ? “ಇಫ್ ಎ ಕಸ್ಟಮರ್ ಕಾಲ್ಸ್, ಆಸ್ಕ್ ವೇರ್ ದೇ ಆರ್.” ಮೊದಲು ‘ಕಾಲ್ಸ್’ ಅಂತ ಏಕವಚನ, ಎರಡು ಹೆಜ್ಜೆ ಮುಂದೆ ‘ಆರ್’ ಅಂತ ಬಹುವಚನ. ಇದು ಯಾವ ನ್ಯಾಯ?

ತಿದ್ದುಪಡಿ ಅಕ್ಕ

‘ಯು ಆರ್’ ಯಾವ ನ್ಯಾಯವೋ ಅದೇ ನ್ಯಾಯ. ನೀವು ಒಬ್ಬರೇ ನನ್ನ ಎದುರು ಕೂತಿದ್ದರೂ ‘ಯು ಆರ್’ ಅನ್ನಬೇಕು, ‘ಯು ಈಸ್’ ಅಲ್ಲ. ಇಂಗ್ಲಿಷ್‌ನಲ್ಲಿ ಹಿಂದೆ ‘ದೌ’ ಅಂತ ಇತ್ತು, ನಮ್ಮ ‘ನೀನು’ ಥರ. ‘ಯು’ ಬಹುವಚನ. ಆಮೇಲೆ ಮರ್ಯಾದೆಗೆ ಒಬ್ಬರಿಗೂ ‘ಯು’ ಅನ್ನತೊಡಗಿದರು. ಕೊನೆಗೆ ‘ದೌ’ ದಿನಬಳಕೆಯಿಂದ ಹೊರಟೇ ಹೋಯಿತು. ನಮ್ಮಲ್ಲಿ ‘ನೀನು’ ಉಳಿಯಿತು, ಅವರಲ್ಲಿ ಉಳಿಯಲಿಲ್ಲ.

ಆಗಲೂ ದೊಡ್ಡ ಜಗಳ ಆಗಿತ್ತು. ಕ್ವೇಕರ್ ಪಂಥ ಕಟ್ಟಿದ ಜಾರ್ಜ್ ಫಾಕ್ಸ್, ಒಬ್ಬನಿಗೆ ‘ಯು’ ಅನ್ನುವವರನ್ನು ಬೈಯಲೆಂದೇ 1660ರಲ್ಲಿ ಒಂದು ಪುಸ್ತಕ ತಂದ. ಇವತ್ತು ‘ದೇ’ ವಿರುದ್ಧ ಹೇಳುವ ಮಾತನ್ನೇ ಅವನು ‘ಯು’ ವಿರುದ್ಧ ಹೇಳಿದ್ದ. ‘ಯು’ ಗೆದ್ದಿತು.

ಧಾರವಾಡದ ಕರಿಕೋಟು

ಕಾನೂನಿನ ಕಡೆಯಿಂದ ನಂದೂ ಒಂದು ಮಾತು ಇರಲಿ ರೀ. ‘ಹಿ’ ಅಂದರೆ ಹೆಂಗಸರೂ ಸೇರುತ್ತಾರೆ ಅಂತ ಬ್ರಿಟಿಷ್ ಪಾರ್ಲಿಮೆಂಟು 1850ರಲ್ಲೇ ಕಾಯ್ದೆ ಮಾಡಿತು. ನಮ್ಮಲ್ಲಿ 1860ರ ಭಾರತೀಯ ದಂಡ ಸಂಹಿತೆಯ 8ನೇ ಕಲಂ ಅದನ್ನೇ ಹೇಳಿತು: ‘ಹಿ’ ಅನ್ನುವ ಸರ್ವನಾಮ ಗಂಡು, ಹೆಣ್ಣು ಯಾರಿಗಾದರೂ ಅನ್ವಯ. 1897ರ ಜನರಲ್ ಕ್ಲಾಸಸ್ ಆ್ಯಕ್ಟ್‌ನ 13ನೇ ಕಲಂ ಇನ್ನೂ ಮುಂದೆ ಹೋಗಿ, ಏಕವಚನದಲ್ಲಿ ಬಹುವಚನವೂ ಬಹುವಚನದಲ್ಲಿ ಏಕವಚನವೂ ಸೇರಿದೆ ಎಂದಿತು. ಸಂದರ್ಭ ಒಪ್ಪದಿದ್ದರೆ ಮಾತು ಬೇರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲೂ ಈ ವ್ಯಾಖ್ಯೆ ಇದೆ, 2ನೇ ಕಲಂ ಒಳಗೆ. ಈಗ ಅದರಲ್ಲಿ ಲಿಂಗತ್ವ ಅಲ್ಪಸಂಖ್ಯಾತರನ್ನೂ ಹೆಸರಿಸಿದ್ದಾರೆ.

ಅಂದರೆ ಕಾನೂನು ಇವತ್ತಿಗೂ ‘ಹಿ’ ಬಿಟ್ಟಿಲ್ಲ. ಕೋಚಿಂಗ್ ಸೆಂಟರಿನವರು ಹೇಳುವುದು ಪೂರ್ತಿ ಹಳೇ ಕಾಲದ್ದು ಅನ್ನುವ ಹಾಗಿಲ್ಲ.

ತಿದ್ದುಪಡಿ ಅಕ್ಕ

ವಕೀಲರೇ, ನೀವು ಕೊಟ್ಟ ಸಾಕ್ಷಿ ನನ್ನ ಕಡೆಗೇ ಹೇಳುತ್ತಿದೆ. ‘ಹಿ’ ಅಂದರೆ ಎಲ್ಲರೂ ಅಂತ ಓದಿದವರಿಗೆ ತಾನಾಗಿ ಹೊಳೆಯುವ ಹಾಗಿದ್ದರೆ, ಪ್ರತಿ ಸಲ ಕಾಯ್ದೆಯಲ್ಲಿ ಬರೆದಿಡುವ ಅಗತ್ಯ ಏನಿತ್ತು? ನನ್ನ ಕೈಪಿಡಿ ಓದುವವರ ಹತ್ತಿರ ಆ ವ್ಯಾಖ್ಯೆಯ ಪುಟ ಇರುವುದಿಲ್ಲ.

ಧಾರವಾಡದ ಕರಿಕೋಟು

ಪಾಟೀ ಸವಾಲು ಚಲೋ ಮಾಡುತ್ತೀರಿ ಮೇಡಂ! ಒಪ್ಪಿದೆ. ಇನ್ನೊಂದು ಗುಟ್ಟು ಹೇಳುತ್ತೇನೆ. ಕ್ರಯಪತ್ರ ಬರೆಯುವಾಗ ನಾವು ಸರ್ವನಾಮದ ಸಹವಾಸಕ್ಕೇ ಹೋಗುವುದು ಕಡಿಮೆ. ಕೊಡುವವರು ಇಬ್ಬರು, ಕೊಳ್ಳುವವರು ಮೂವರು, ನಡುವೆ ‘ಅವರು’ ಅಂತ ಬಂದರೆ ಯಾವ ಅವರು? ಅದಕ್ಕೇ ಇಂಗ್ಲಿಷ್‌ನಲ್ಲಿ ‘ದ ಸೆಡ್ ವೆಂಡರ್’, ಕನ್ನಡದಲ್ಲಿ ‘ಸದರಿ ಮಾರಾಟಗಾರರು’, ‘ಸದರಿ ಸ್ವತ್ತು’. ಓದಲು ಬೇಜಾರು. ಆದರೆ ನಾಳೆ ಕೋರ್ಟಿನಲ್ಲಿ ಯಾರೂ ‘ಹಿ ಅಂದರೆ ನಾನಲ್ಲ’ ಅನ್ನುವ ಹಾಗಿಲ್ಲ.

ಹಾಸನದ ಮೇಷ್ಟ್ರು

ತಿದ್ದುಪಡಿ ಅಕ್ಕ ಹೇಳಿದ ‘ಒಬ್ಬರು, ಅವರು’ ವಿಷಯ ನನಗೆ ಬಹಳ ಹಿಡಿಸಿತು. ಆದರೆ ಒಂದು ಎಚ್ಚರಿಕೆ. ಇದೇ ಕಿವಿ ನಮ್ಮ ಮಕ್ಕಳ ಕಾಲನ್ನೂ ಎಳೆಯುತ್ತದೆ.

ಹೈಸ್ಕೂಲಿನಲ್ಲಿ ‘ಮೈ ಫಾದರ್’ ಅಂತ ಪ್ರಬಂಧ ಬರೆಸಿ ನೋಡಿ. “ಮೈ ಫಾದರ್ ಈಸ್ ಎ ಫಾರ್ಮರ್. ದೇ ಗೆಟ್ ಅಪ್ ಅಟ್ ಫೈವ್.” ಮಗು ಉಡಾಫೆಯಿಂದ ಬರೆದಿದ್ದಲ್ಲ. ಅಪ್ಪ ಏಳುತ್ತಾರೆ, ಅಪ್ಪ ಹೋಗುತ್ತಾರೆ ಅಂತ ಹೇಳಿ ಬೆಳೆದ ಮಗು ಅಪ್ಪನಿಗೆ ‘ಹಿ’ ಅನ್ನಲು ಹೆದರುತ್ತದೆ. ‘ಹಿ’ ಅಂದರೆ ‘ಅವನು’ ಅಲ್ವಾ ಸರ್, ಅಪ್ಪನಿಗೆ ಹಾಗನ್ನಬಹುದಾ ಅಂತ ಕೇಳಿದ ಮಕ್ಕಳಿದ್ದಾರೆ. ನನ್ನ ಹೆಡ್‌ಮಾಸ್ಟರ್‌ಗೂ ‘ಹಿ’, ರಾಷ್ಟ್ರಪತಿಗಳಿಗೂ ‘ಹಿ’ ಅಥವಾ ‘ಶಿ’, ಇಂಗ್ಲಿಷ್‌ನಲ್ಲಿ ಮರ್ಯಾದೆ ಸರ್ವನಾಮದಲ್ಲಿ ಇಲ್ಲ ಅಂತ ಹೇಳಿಕೊಡಬೇಕಾಗುತ್ತದೆ.

ಇದಕ್ಕೆ ಸೇರಿಕೊಂಡಂತೆ ಇನ್ನೊಂದು ಎಡವಟ್ಟು. “ಮೈ ಗ್ರ್ಯಾಂಡ್‌ಮದರ್ ಈಸ್ ಓಲ್ಡ್. ಹಿ ಟೆಲ್ಸ್ ಸ್ಟೋರೀಸ್.” ಕನ್ನಡದಲ್ಲಿ ಅವನು, ಅವಳು ಬೇರೆ ಬೇರೆ ಇದ್ದರೂ ಈ ತಪ್ಪು ಯಾಕೆ ಬರುತ್ತದೆ? ನನ್ನ ಲೆಕ್ಕದಲ್ಲಿ ಇದಕ್ಕೂ ‘ಅವರು’ ಕಾರಣ. ಅದರಲ್ಲಿ ಗಂಡು ಹೆಣ್ಣು ಇಲ್ಲ. ಅಜ್ಜಿಯನ್ನು ‘ಅವರು’ ಅಂತ ನೆನೆಸಿಕೊಂಡ ಮಗು, ಇಂಗ್ಲಿಷ್‌ಗೆ ದಾಟುವಾಗ ಕೈಗೆ ಸಿಕ್ಕಿದ್ದನ್ನು ಹಾಕುತ್ತದೆ. ಮನೆಯಲ್ಲಿ ‘ಅಮ್ಮ ಬಂದಳು’ ಅನ್ನುವ ಮಕ್ಕಳು ‘ಮೈ ಮದರ್’ ಬರೆಯುವಾಗ ಎಡವುವುದನ್ನು ನಾನು ಕಂಡಿದ್ದು ಕಡಿಮೆ.

ಹಾಗಾಗಿ ಗೆರೆ ಎಳೆಯಬೇಕಾದ್ದು ಏಕವಚನ, ಬಹುವಚನದ ಮಧ್ಯೆ ಅಲ್ಲ. ಗೊತ್ತಿರುವವರು, ಗೊತ್ತಿಲ್ಲದವರು ಅನ್ನುವುದರ ಮಧ್ಯೆ. ‘ಸಮ್‌ಒನ್’, ‘ಎ ಕಸ್ಟಮರ್’, ‘ಎವ್ರಿಒನ್’ ಇವರು ಯಾರೋ ಏನೋ. ಇಲ್ಲಿ ನಮ್ಮ ‘ಅವರು’ ಕಿವಿಯನ್ನು ನಂಬಿ, ‘ದೇ’ ಹಾಕಿ. ‘ಮೈ ಫಾದರ್’ ಗೊತ್ತಿರುವ ಮನುಷ್ಯ. ಅಲ್ಲಿ ಆ ಕಿವಿಯನ್ನು ಮುಚ್ಚಿಕೊಳ್ಳಿ, ‘ಹಿ’ ಹಾಕಿ.

ಸಿಯಾಟಲ್ ಸೋನೆ

ಮೇಷ್ಟ್ರೇ, ನಿಮ್ಮ ಗೆರೆಗೆ ಇಲ್ಲೊಂದು ಹೊರತು ಇದೆ. ನಮ್ಮ ಮಗಳಿಗೆ ಪಾಠ ಮಾಡುವ ಒಬ್ಬ ಟೀಚರ್ ತಮ್ಮನ್ನು ಗಂಡು ಅಂತಲೂ ಹೆಣ್ಣು ಅಂತಲೂ ಗುರುತಿಸಿಕೊಳ್ಳುವುದಿಲ್ಲ. ಇಮೇಲ್ ಕೆಳಗೆ ‘ದೇ, ದೆಮ್’ ಅಂತ ಬರೆದಿರುತ್ತಾರೆ. ಚೆನ್ನಾಗಿ ಗೊತ್ತಿರುವ ಒಬ್ಬರೇ ಮನುಷ್ಯರು, ಆದರೂ ‘ದೇ’. “ದೇ ಆರ್ ಅವರ್ ಮ್ಯಾಥ್ ಟೀಚರ್.” ಮಗಳಿಗೆ ಸಲೀಸು. ನನಗೆ ಮೊದಲು ನಾಲಿಗೆ ತಡವರಿಸುತ್ತಿತ್ತು. ಮನೆಯಲ್ಲಿ ಕನ್ನಡದಲ್ಲಿ ಮಾತಾಡುವಾಗ ಸಮಸ್ಯೆಯೇ ಇಲ್ಲ, ‘ಅವರು’ ಅಂದರೆ ಮುಗಿಯಿತು!

ಹಾಸನದ ಮೇಷ್ಟ್ರು

ಸರಿ, ಅವರವರು ಕೇಳಿಕೊಂಡಂತೆ ಕರೆಯುವುದು ಮರ್ಯಾದೆ. ಅದಕ್ಕೆ ನನ್ನ ಗೆರೆ ಅಡ್ಡ ಬರಬಾರದು.

ಮಂಡ್ಯ ಗುರು

ಆರ್‌ಸಿಬಿ ವಿಷಯ ಯಾರೂ ಎತ್ತಲಿಲ್ಲವಲ್ಲ. 2025ರಲ್ಲಿ ಕಪ್ ಗೆದ್ದಾಗ ಒಬ್ಬರು “ಆರ್‌ಸಿಬಿ ಹ್ಯಾವ್ ವನ್ ದೇರ್ ಫಸ್ಟ್ ಐಪಿಎಲ್ ಟೈಟಲ್” ಅಂತ ಬರೆದಿದ್ದರು, ಇನ್ನೊಬ್ಬರು “ಹ್ಯಾಸ್ ವನ್ ಇಟ್ಸ್”. ಟೀಮ್ ಒಂದೇ ತಾನೇ, ‘ಹ್ಯಾವ್’ ಹೇಗೆ?

ಸಿಯಾಟಲ್ ಸೋನೆ

ಅಮೆರಿಕದಲ್ಲಿ ಟೀಮ್ ಅಂದರೆ ಸಾಮಾನ್ಯವಾಗಿ ‘ಹ್ಯಾಸ್’, ‘ಇಟ್ಸ್’. ಬ್ರಿಟಿಷ್ ಕ್ರೀಡಾ ವರದಿಯಲ್ಲಿ ‘ಇಂಗ್ಲೆಂಡ್ ಹ್ಯಾವ್ ಲಾಸ್ಟ್ ದೇರ್...’ ಅಂತ ಬರುತ್ತದೆ. ನಮ್ಮ ಕ್ರಿಕೆಟ್ ಬರಹ ಆ ದಾರಿ ಹಿಡಿದಿದೆ.

ತಿದ್ದುಪಡಿ ಅಕ್ಕ

ಎರಡೂ ಸರಿ. ಬೆರೆಸಿದರೆ ತಪ್ಪು. “ದ ಕಮಿಟಿ ಹ್ಯಾಸ್ ಸಬ್ಮಿಟೆಡ್ ದೇರ್ ರಿಪೋರ್ಟ್” ಅನ್ನುವುದು ತಪ್ಪು ಹುಡುಕುವ ಪ್ರಶ್ನೆಯಲ್ಲಿ ಬರುವ ಮಾಮೂಲಿ ಗಿರಾಕಿ. ‘ಹ್ಯಾಸ್’ ಅಂದ ಮೇಲೆ ಕಮಿಟಿಯನ್ನು ಒಂದು ಅಂತ ಲೆಕ್ಕ ಹಾಕಿದ್ದೀರಿ, ಹಾಗಾದರೆ ‘ಇಟ್ಸ್’. ಒಳಗಿನವರು ಕಿತ್ತಾಡಿದರೆ ಮಾತ್ರ ಬಿಡಿಬಿಡಿಯಾಗಿ ನೋಡುತ್ತೇವೆ: “ದ ಕಮಿಟಿ ವರ್ ಡಿವೈಡೆಡ್ ಇನ್ ದೇರ್ ಒಪೀನಿಯನ್ಸ್.” ಬ್ಯಾಂಕ್ ಕನಸು, ಇದು ನಿಮ್ಮ ಪರೀಕ್ಷೆಗೆ ‘ಹಿಸ್, ದೇರ್’ಗಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಬ್ಯಾಂಕ್ ಕನಸು

ಬರೆದುಕೊಂಡೆ. ಹಾಗಾದರೆ ಪರೀಕ್ಷೆಯಲ್ಲಿ ಪೆನ್ನಿನ ಥರದ ವಾಕ್ಯ ಬಂದರೆ ಏನು ಮಾಡಲಿ? ‘ದೇರ್’ ಸರಿ ಅಂತ ಬಿಟ್ಟರೆ ಮೈನಸ್ ಮಾರ್ಕ್ಸ್ ಬೀಳಬಹುದು.

ತಿದ್ದುಪಡಿ ಅಕ್ಕ

ಪರೀಕ್ಷೆಯಲ್ಲಿ ಹೋರಾಟ ಮಾಡಬೇಡಿ. ಮೊದಲು ಕ್ರಿಯಾಪದ ನೋಡಿ. “ಈಚ್ ಆಫ್ ದ ಸ್ಟೂಡೆಂಟ್ಸ್ ಹ್ಯಾವ್ ಸಬ್ಮಿಟೆಡ್ ದೇರ್ ಫಾರ್ಮ್” ಅಂತಿದ್ದರೆ ‘ಹ್ಯಾವ್’ ಖಚಿತವಾಗಿ ತಪ್ಪು, ಅದನ್ನೇ ಗುರುತು ಮಾಡಿ. ಉಳಿದ ತುಂಡುಗಳಲ್ಲಿ ಬೇರೆ ಯಾವ ತಪ್ಪೂ ಇಲ್ಲದೆ ‘ದೇರ್’ ಒಂದೇ ಅನುಮಾನಕ್ಕೆ ಉಳಿದರೆ, ಪ್ರಶ್ನೆ ಹಾಕಿದವರು ಹಳೆಯ ರೂಲ್ ಇಟ್ಟುಕೊಂಡಿದ್ದಾರೆ ಅಂತ ತಿಳಿಯಿರಿ.

ಸ್ವಂತ ಬರೆಯುವಾಗ ಜಗಳವನ್ನೇ ತಪ್ಪಿಸಬಹುದು. ‘ಹಿಸ್ ಆರ್ ಹರ್’ ಒಂದು ಸಲಕ್ಕೆ ಪರವಾಗಿಲ್ಲ, ಪುಟ ತುಂಬ ಬಂದರೆ ಓದುವವರು ಓಡಿಹೋಗುತ್ತಾರೆ. ಹೆಸರನ್ನೇ ಬಹುವಚನ ಮಾಡಿ: “ಆಲ್ ಕ್ಯಾಂಡಿಡೇಟ್ಸ್ ಮಸ್ಟ್ ಬ್ರಿಂಗ್ ದೇರ್ ಪೆನ್ಸ್.” ಇಲ್ಲವೇ ಸರ್ವನಾಮವನ್ನೇ ಕಿತ್ತುಹಾಕಿ: “ಈಚ್ ಕ್ಯಾಂಡಿಡೇಟ್ ಮಸ್ಟ್ ಬ್ರಿಂಗ್ ಎ ಪೆನ್.” ನಾನು ಹೆಚ್ಚಾಗಿ ಮಾಡುವುದು ಎರಡನೆಯದನ್ನೇ. ‘ಓನ್’ ಬೇಕೇ ಬೇಕು ಅನ್ನುವವರು ಕಡಿಮೆ.

ಬ್ಯಾಂಕ್ ಕನಸು

ಥ್ಯಾಂಕ್ಸ್ ಅಕ್ಕಾ. ಇನ್ನೆರಡು ಕೇಳಿಬಿಡುತ್ತೇನೆ. “ನೀದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್” ಬಂದರೆ? ಮತ್ತೆ, “ದ ಮ್ಯಾನೇಜರ್ ಟೋಲ್ಡ್ ದ ಕ್ಲರ್ಕ್ ದಟ್ ಹಿ ಹ್ಯಾಡ್ ಬೀನ್ ಟ್ರಾನ್ಸ್‌ಫರ್ಡ್” ಅನ್ನುವುದರಲ್ಲಿ ವರ್ಗ ಆಗಿದ್ದು ಯಾರಿಗೆ?

ಹಾಸನದ ಮೇಷ್ಟ್ರು

ಮೊದಲನೆಯದು ಸುಲಭ. ಹತ್ತಿರ ಇರುವವರು ಗೆಲ್ಲುತ್ತಾರೆ. “ನೀದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್ ಹ್ಯಾವ್ ರಿಸೀವ್ಡ್ ದೇರ್ ಬೋನಸ್.” ತಿರುಗಿಸಿ ಮ್ಯಾನೇಜರ್‌ನನ್ನು ಕೊನೆಗೆ ಇಟ್ಟರೆ ‘ಹ್ಯಾಸ್ ರಿಸೀವ್ಡ್ ಹಿಸ್’ ಆಗುತ್ತದೆ. ರೂಲ್ ಪ್ರಕಾರ ಸರಿಯಾದರೂ ಕ್ಲರ್ಕ್‌ಗಳು ಮ್ಯಾನೇಜರ್‌ನ ಬೋನಸ್‌ಗೆ ಕೈ ಹಾಕಿದ ಹಾಗೆ ಕೇಳಿಸುತ್ತದೆ. ಬಹುವಚನವನ್ನು ಕೊನೆಗೆ ಇಡುವುದು ಕ್ಷೇಮ.

ಎರಡನೆಯದಕ್ಕೆ ಉತ್ತರ ಆ ವಾಕ್ಯದಲ್ಲೇ ಇಲ್ಲ. ‘ಹಿ’ ಇಬ್ಬರಿಗೂ ಹೊಂದುತ್ತದೆ. ಕನ್ನಡದಲ್ಲಿ ‘ತಾನು’ ನಮ್ಮನ್ನು ಕಾಪಾಡುತ್ತದೆ. “ತನಗೆ ವರ್ಗ ಆಗಿದೆ ಎಂದು ಮ್ಯಾನೇಜರ್ ಗುಮಾಸ್ತನಿಗೆ ಹೇಳಿದ” ಅಂದರೆ ಮ್ಯಾನೇಜರ್‌ಗೇ ವರ್ಗ, ಅನುಮಾನವೇ ಇಲ್ಲ. ಇಂಗ್ಲಿಷ್‌ನಲ್ಲಿ ಆ ಸೌಕರ್ಯ ಇಲ್ಲ. ವಕೀಲರು ಹೇಳಿದ ಹಾಗೆ ಹೆಸರನ್ನೇ ಮತ್ತೆ ಬರೆಯಿರಿ, ಇಲ್ಲ ಆಡಿದ ಮಾತನ್ನೇ ಕೊಡಿ: “ಐ ಹ್ಯಾವ್ ಬೀನ್ ಟ್ರಾನ್ಸ್‌ಫರ್ಡ್,” ದ ಮ್ಯಾನೇಜರ್ ಟೋಲ್ಡ್ ದ ಕ್ಲರ್ಕ್.

ಮಂಡ್ಯ ಗುರು

ಮೇಷ್ಟ್ರೇ, ನನ್ನದೂ ಒಂದು. “ಶಿ ಈಸ್ ಒನ್ ಆಫ್ ದೋಸ್ ಕ್ಲರ್ಕ್ಸ್ ಹೂ ಆಲ್ವೇಸ್ ಫಿನಿಶ್ ದೇರ್ ವರ್ಕ್.” ‘ಆಫ್’ ತುಂಡು ಮುಚ್ಚಿ ಅಂದಿರಿ. ಮುಚ್ಚಿದರೆ ‘ಒನ್’ ಉಳಿಯುತ್ತದೆ. ಮತ್ತೆ ‘ದೇರ್’ ಯಾಕೆ?

ಹಾಸನದ ಮೇಷ್ಟ್ರು

ಒಳ್ಳೆ ಪ್ರಶ್ನೆ. ಇಲ್ಲಿ ‘ದೇರ್’ ನೇರವಾಗಿ ‘ಒನ್’ಗೆ ಜೋತುಬಿದ್ದಿಲ್ಲ, ‘ಹೂ’ಗೆ ಜೋತುಬಿದ್ದಿದೆ. ಆ ‘ಹೂ’ ಯಾರು? ಯಾವಾಗಲೂ ಕೆಲಸ ಮುಗಿಸುವ ಕ್ಲರ್ಕ್‌ಗಳ ಒಂದು ಜಾತಿಯೇ ಇದೆ, ಅವರಲ್ಲಿ ಇವಳೂ ಒಬ್ಬಳು. ಹಾಗಾಗಿ ‘ಹೂ’ ಅಂದರೆ ‘ಕ್ಲರ್ಕ್ಸ್’. ಅದಕ್ಕೇ ‘ಫಿನಿಶ್’, ಅದಕ್ಕೇ ‘ದೇರ್’. ಇದೇ ವಾಕ್ಯಕ್ಕೆ ‘ದ ಓನ್ಲಿ ಒನ್’ ಅಂತ ಸೇರಿಸಿದರೆ ಎಲ್ಲ ಬದಲಾಗುತ್ತದೆ: “ಶಿ ಈಸ್ ದ ಓನ್ಲಿ ಒನ್ ಆಫ್ ದ ಕ್ಲರ್ಕ್ಸ್ ಹೂ ಆಲ್ವೇಸ್ ಫಿನಿಶಸ್ ಹರ್ ವರ್ಕ್.” ಬೇರೆ ಯಾರೂ ಮುಗಿಸುವುದಿಲ್ಲ, ಇವಳೊಬ್ಬಳೇ. ಈಗ ‘ಹೂ’ ಅಂದರೆ ಅವಳು.

ಮಂಡ್ಯ ಗುರು

ಅಂದರೆ ಬೆರಳು ಇಡುವ ಮೊದಲು ‘ಹೂ’ ಇದೆಯಾ ಅಂತ ನೋಡಬೇಕು. ಇದನ್ನು ಮೊದಲೇ ಹೇಳಬಾರದಿತ್ತಾ ಮೇಷ್ಟ್ರೇ!

ಹಾಸನದ ಮೇಷ್ಟ್ರು

ನೀವು ಆಗ ಮಾರ್ಕ್ಸ್ ತಗೊಂಡು ಮುಂದೆ ಹೋಗು ಅನ್ನುತ್ತಿದ್ದಿರಿ.